ಮಸಿ ಡಬ್ಬಿಯ ಮುಚ್ಚಳ

ನಮ್ಮ ಅತ್ತಿಗೆ ಮಾತಿಲ್ಲದೆ ಕೂತದ್ದನ್ನು ನಾನು ಬಹಳ ವರ್ಷ ಕಂಡೇ ಇರಲಿಲ್ಲ. ಅಣ್ಣನ ನಾಮಫಲಕದ ಅಂಗಡಿ ಒಂದು ಉದ್ದನೆಯ ಕೋಣೆ. ಬೀದಿಯ ಕಡೆ ಕೌಂಟರು, ಅಲ್ಲಿ ನಾನು. ನಡುವೆ ಲೇಸರ್ ಯಂತ್ರ ಮತ್ತು ಕಂಪ್ಯೂಟರು, ಅಲ್ಲಿ ಅಣ್ಣ. ಹಿಂದುಗಡೆ ನಲ್ಲಿ, ತೊಟ್ಟಿ, ಸ್ಪಿರಿಟ್ಟಿನ ವಾಸನೆ, ಅಲ್ಲಿ ಅತ್ತಿಗೆ. ಯಂತ್ರ ಎಷ್ಟೇ ಗುಂಯ್ಗುಟ್ಟಿದರೂ ಅವರ ಮಾತು ಬೀದಿಯವರೆಗೆ ಕೇಳುತ್ತಿತ್ತು. ಯಾರ ಮನೆಯ ನಲ್ಲಿ ಸೋರಿತು, ಯಾರು ಯಾರಿಗೆ ಮುಖ ತಿರುಗಿಸಿದರು, ಎಲ್ಲ ಅವರಿಗೆ ಬೇಕು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಗಿರಾಕಿಯ ಹತ್ತಿರ ಅಳತೆ ಕೇಳಿ ಬರೆದುಕೊಳ್ಳುವಾಗ ಹಿಂದಿನಿಂದ ಈ ಪುರಾಣ ಶುರುವಾದರೆ ಮೈಯೆಲ್ಲ ಉರಿಯುತ್ತಿತ್ತು. "ಅತ್ತಿಗೆ, ಸ್ವಲ್ಪ ಉಸಿರು ತಗೊಳ್ಳಿ" ಎಂದು ಕೂಗುತ್ತಿದ್ದೆ. "ಉಸಿರು ತಗೊಂಡೇ ಮಾತಾಡ್ತಿರೋದು ಕಣೆ" ಎನ್ನುತ್ತಿದ್ದರು.

ಅವರ ಕೆಲಸ ನೋಡಲು ಸುಲಭ, ಮಾಡಲು ಅಲ್ಲ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ನಮ್ಮ ಲೇಸರು ನೇರವಾಗಿ ಬರೆದರೆ ಗುರುತು ಕಾಣುವುದಿಲ್ಲ. ಜೋರು ಮಾಡಿದರೆ ಪ್ಲಾಸ್ಟಿಕ್ ಕರಗಿ ಸುಕ್ಕಾಗುತ್ತದೆ. ಅದಕ್ಕೇ ಮೊದಲು ಒಂದು ಕಪ್ಪು ದ್ರಾವಣ ಹಚ್ಚಬೇಕು. ಅಂಗಡಿಯಲ್ಲಿ ನಾವೆಲ್ಲ ಅದನ್ನು ಮಸಿ ಎನ್ನುತ್ತಿದ್ದೆವು. ಸ್ಪಿರಿಟ್ಟಿನಲ್ಲಿ ಒರೆಸಿದ ಪ್ಲಾಸ್ಟಿಕ್ಕಿಗೆ ಅಗಲ ಬ್ರಷ್ಷಿನಿಂದ ಮಸಿಯನ್ನು ತೆಳ್ಳಗೆ ಎಳೆದು, ಕೂದಲು ಒಣಗಿಸುವ ಯಂತ್ರದಿಂದ ಆರಿಸಿ, ಲೇಸರಿನ ಕೆಳಗೆ ಇಡುವುದು. ಬೆಳಕು ಹರಿದಲ್ಲೆಲ್ಲ ಮಸಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡುಬಿಡುತ್ತದೆ. ಆಮೇಲೆ ನಲ್ಲಿಯ ಕೆಳಗೆ ಹಿಡಿದರೆ ಮಿಕ್ಕ ಮಸಿ ತೊಳೆದುಹೋಗಿ, ಅಕ್ಷರ ಮಾತ್ರ ಉಳಿಯುತ್ತದೆ. ಆ ತೊಳೆಯುವ ಹೊತ್ತನ್ನು ನೋಡಲು ನಾನು ಕೌಂಟರು ಬಿಟ್ಟು ಹಿಂದಕ್ಕೆ ಹೋಗುತ್ತಿದ್ದೆ. ಈಗಲೂ ಎಲ್ಲಾದರೂ ತೊಟ್ಟಿಗೆ ಕಪ್ಪು ನೀರು ಬಿದ್ದರೆ ನನಗೆ ಆ ಅಂಗಡಿಯೇ ಕಣ್ಣಿಗೆ ಕಟ್ಟುತ್ತದೆ.

ಮಸಿಗೆ ಒಂದೇ ಒಂದು ಕೆಟ್ಟ ಬುದ್ಧಿ. ಸುಮ್ಮನೆ ಇಟ್ಟರೆ ಕಪ್ಪು ಪುಡಿಯೆಲ್ಲ ತಳಕ್ಕೆ ಕೂತು, ಮೇಲೆ ಬರೀ ಕಲಗಚ್ಚಿನಂಥ ನೀರು ನಿಲ್ಲುತ್ತದೆ. ಪ್ರತಿ ಸಲವೂ ಡಬ್ಬಿಯನ್ನು ಚೆನ್ನಾಗಿ ಕುಲುಕಿಯೇ ಹಚ್ಚಬೇಕು. ಅತ್ತಿಗೆ ಕೆಲಸಕ್ಕೆ ಕೂತ ಹೊಸತರಲ್ಲಿ ಒಂದು ವಸತಿಗೃಹದವರು ಕೋಣೆಗಳ ಸಂಖ್ಯೆಯ ಫಲಕ ಮಾಡಲು ಕೊಟ್ಟಿದ್ದರು. ಅತ್ತಿಗೆ ಯಾವುದೋ ಮದುವೆಮನೆಯ ಜಗಳದ ಕತೆ ಹೇಳುತ್ತ ಕುಲುಕುವುದನ್ನೇ ಮರೆತು, ಅಷ್ಟೂ ಫಲಕಗಳಿಗೆ ಮೇಲಿನ ನೀರನ್ನೇ ಬಳಿದರು. ತೊಳೆದಾಗ ಸಂಖ್ಯೆಗಳೆಲ್ಲ ತೊಟ್ಟಿಯೊಳಗೆ ಹೋದವು. ನಾನಾಗಿದ್ದರೆ ಅಂಗಡಿಯ ಮಾಡು ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಅಣ್ಣ ನೀಲಿ ಮಾರ್ಕರ್ ತೆಗೆದು ಮಸಿ ಡಬ್ಬಿಯ ಬಿಳಿ ಮುಚ್ಚಳದ ಮೇಲೆ, ಬಲಕ್ಕೆ ವಾಲುವ ತನ್ನ ಅಕ್ಷರದಲ್ಲಿ ಬರೆದ: "ಮೊದಲು ಕುಲುಕು, ಆಮೇಲೆ ಮಾತು."

ಅತ್ತಿಗೆ ಓದಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆವತ್ತಿನಿಂದ ಅದೇ ಅವರ ಮುಚ್ಚಳ. ಡಬ್ಬಿ ಖಾಲಿಯಾದರೆ ಹೊಸ ಡಬ್ಬಿಯ ಮುಚ್ಚಳವನ್ನು ಕಸಕ್ಕೆ ಎಸೆದು ಇದನ್ನೇ ತಿರುಗಿಸುತ್ತಿದ್ದರು. ಅಂಗೈಯನ್ನು ಮುಚ್ಚಳದ ಮೇಲೆ ಒತ್ತಿ, ತುಟಿ ಬಿಗಿದು ಕುಲುಕುವುದು, ಕೆಳಗಿಟ್ಟ ಕೂಡಲೇ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುವುದು. ಅಣ್ಣ ಯಂತ್ರದ ಮುಂದೆ ಕೂತು, ಬೆನ್ನು ತಿರುಗಿಸಿಕೊಂಡೇ "ಹೂಂ" ಎನ್ನುವುದು. ಎಂಥಾ ದಿನಗಳವು. ಆಗ ನನಗೆ ಅದೆಲ್ಲ ತಲೆಚಿಟ್ಟು ಅನಿಸುತ್ತಿತ್ತು.

ಒಂದು ಸಂಜೆ ಅತ್ತಿಗೆ ತಮ್ಮ ಅಕ್ಕನ ಗಂಡ ಸೋಫಾ ಕೊಂಡ ಕತೆ ಎತ್ತಿದರು. ಅಂಗಡಿಯಲ್ಲಿ ಅಳೆದು ನೋಡದೆ ತಂದ ಸೋಫಾ ಮನೆ ಬಾಗಿಲಲ್ಲಿ ಸಿಕ್ಕಿಕೊಂಡಿದೆ, ಹಿಂದಕ್ಕೂ ಬರುತ್ತಿಲ್ಲ, ಮುಂದಕ್ಕೂ ಹೋಗುತ್ತಿಲ್ಲ, ಅಕ್ಕ ಒಳಗೆ, ಭಾವ ಹೊರಗೆ. ಅಲ್ಲಿಗೆ ಬಂದಾಗ ಅಣ್ಣ ಯಂತ್ರ ಆರಿಸಿ, "ಉಳಿದದ್ದು ನಾಳೆ ಹೇಳು, ಅಂಗಡಿ ಮುಚ್ಚೋಣ" ಎಂದ. ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಕುಸಿದು ಬಿದ್ದ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಇರಲಿಲ್ಲ.

ಅಂಗಡಿ ಮತ್ತೆ ತೆರೆದಾಗ ಕಂಪ್ಯೂಟರಿನ ಮುಂದೆ ನಾನು ಕೂತೆ. ಅತ್ತಿಗೆ ಹಿಂದೆ ತಮ್ಮ ಜಾಗದಲ್ಲೇ ಕೂತರು, ಆದರೆ ಬಾಯಿಗೆ ಬೀಗ ಬಿದ್ದಿತ್ತು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಕುಲುಕುವರು, ಹಚ್ಚುವರು, ಆರಿಸುವರು, ತೊಳೆಯುವರು. ಯಂತ್ರದ ಸದ್ದು ಅಷ್ಟು ದೊಡ್ಡದು ಎಂದು ನನಗೆ ಆಗಲೇ ಗೊತ್ತಾದದ್ದು. ಆ ಸೋಫಾ ಒಳಗೆ ಹೋಯಿತೋ ಇಲ್ಲವೋ ಎಂದು ಕೇಳಬೇಕು ಅನಿಸುತ್ತಿತ್ತು. ಬಾಯಿ ತೆರೆದವಳು ಮುಂದಿನ ಫಲಕದ ಅಳತೆ ಹೇಳಿಬಿಡುತ್ತಿದ್ದೆ.

ಮುಚ್ಚಳದ ಮೇಲಿನ ಬರಹ ಸವೆಯುತ್ತಿದೆ ಎಂದು ಗಮನಿಸಿದ್ದೂ ಆಗಲೇ. ಸ್ಪಿರಿಟ್ಟಿನಿಂದ ಒದ್ದೆಯಾದ ಅಂಗೈ ದಿನವೂ ಅದೇ ಜಾಗವನ್ನು ಒತ್ತುತ್ತಿತ್ತು. "ಮೊದಲು" ಅಳಿಸಿಯೇ ಹೋಗಿತ್ತು. "ಕುಲುಕು" ತೆಳ್ಳಗಾಗಿತ್ತು. ಅಣ್ಣ ಹೇಳಿದಂತೆ ಕುಲುಕಿ ಕುಲುಕಿಯೇ ಅಣ್ಣನ ಅಕ್ಷರವನ್ನು ಅತ್ತಿಗೆ ಕಳೆದುಕೊಳ್ಳುತ್ತಿದ್ದರು. ಅವನ ಕೈಬರಹವೆಂದು ಅಂಗಡಿಯಲ್ಲಿ ಬೇರೆ ಒಂದು ಗೆರೆಯೂ ಇರಲಿಲ್ಲ. ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿ ಒತ್ತಿದ್ದು.

"ಇದನ್ನ ತೆಗೆದು ಬೀರುವಿನಲ್ಲಿ ಇಡಿ ಅತ್ತಿಗೆ. ಬೇರೆ ಮುಚ್ಚಳ ಹಾಕೋಣ" ಎಂದೆ.

"ಬೀರುವಿನಲ್ಲಿಟ್ರೆ ಯಾರಿಗೆ ಹೇಳ್ತಾರೆ ಅವ್ರು? ನನಗೆ ಇಲ್ಲಿ, ಕೈಗೆ ಸಿಗೋ ಹಾಗೆ ಬೇಕು."

"ಹಾಗಾದ್ರೆ ಫೋಟೋ ತೆಗೆದು, ಅದರ ಮೇಲೇ ಲೇಸರಿನಲ್ಲಿ ಬರೆದುಬಿಡೋಣ. ಜನ್ಮದಲ್ಲಿ ಅಳಿಸಲ್ಲ."

ಅತ್ತಿಗೆ ನನ್ನನ್ನೇ ನೋಡಿದರು. "ಮಸಿ ಹಚ್ಚೋಕೆ ಮೊದ್ಲು ಸ್ಪಿರಿಟ್ಟಿನಲ್ಲಿ ಒರೆಸ್ಬೇಕಲ್ಲ. ನನ್ನ ಕೈಯಾರೆ ಅವ್ರನ್ನ ಒರೆಸಿಹಾಕ್ಲಾ?"

ನಾನು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅತ್ತಿಗೆಯೇ ಮುಚ್ಚಳವನ್ನು ತಂದು ನನ್ನ ಮುಂದಿಟ್ಟರು. "ಕುಲುಕು ಕೂಡ ಹೊರಟಿದೆ. ತೆಗಿ ಫೋಟೋ."

"ಹೋದ ಕಡೆ ನಾನು ತುಂಬಿಸಲಾ?"

"ಬೇಡ. ಅವ್ರದು ಎಷ್ಟಿದೆಯೋ ಅಷ್ಟೇ ಇರ್ಲಿ."

ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದೆ. ಅತ್ತಿಗೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮುಚ್ಚಳವನ್ನು ಒಂದೇ ಸಲ ಒರೆಸಿದರು. ಹತ್ತಿ ನೀಲಿಯಾಯಿತು. ಅವರು ತಲೆಯೆತ್ತಲಿಲ್ಲ. ತೆರೆದಿದ್ದ ಡಬ್ಬಿಗೆ ಬ್ರಷ್ಷು ಅದ್ದಿ ಹಚ್ಚಿದರು, ಆರಿಸಿದರು, ಯಂತ್ರದೊಳಗೆ ಇಟ್ಟರು. ನಾನು ಗುಂಡಿ ಒತ್ತಿದೆ. ಕೆಂಪು ಚುಕ್ಕೆ ಬಲಕ್ಕೆ ವಾಲುತ್ತ ಅಣ್ಣನ ಹಾಗೆಯೇ ಬರೆಯಿತು. ಇಬ್ಬರೂ ನಲ್ಲಿಯ ಹತ್ತಿರ ಹೋದೆವು.

ನೀರು ಬಿತ್ತು. ಮಸಿ ಹೋಯಿತು. ಅಕ್ಷರವೂ ಅದರ ಜೊತೆಗೇ ಹೋಯಿತು. ಅತ್ತಿಗೆಯ ಕೈಯಲ್ಲಿ ಬೋಳು ಬಿಳಿ ಮುಚ್ಚಳವೊಂದು ಉಳಿಯಿತು.

ಲೇಸರಿನ ಶಕ್ತಿ ಕಡಿಮೆ ಇಟ್ಟೆನೋ, ಇಷ್ಟು ಹಳೆಯ ಮುಚ್ಚಳಕ್ಕೆ ಇನ್ನು ಮಸಿ ಹಿಡಿಯುವುದೇ ಇಲ್ಲವೋ ಎಂದು ನಾನು ಬಡಬಡಿಸುತ್ತಿದ್ದೆ. ಅತ್ತಿಗೆ ಮುಚ್ಚಳವನ್ನು ಬಿಟ್ಟು ಡಬ್ಬಿಯೊಳಗೆ ಬಗ್ಗಿ ನೋಡಿದರು. ಮೇಲೆ ಕಲಗಚ್ಚು, ತಳದಲ್ಲಿ ಪುಡಿ.

"ಕುಲುಕ್ಲಿಲ್ಲ ಕಣೆ" ಎಂದರು ಮೆಲ್ಲಗೆ. "ಇವತ್ತೂ ಕುಲುಕ್ಲಿಲ್ಲ."

ಕುಲುಕಲು ಡಬ್ಬಿಗೆ ಮುಚ್ಚಳವಾದರೂ ಎಲ್ಲಿತ್ತು? ಇದ್ದದ್ದು ಅದೊಂದೇ, ಅದನ್ನೇ ಒರೆಸಿ ಹಚ್ಚಿದ್ದು. ನಾನು ಹಾಗೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಡಬ್ಬಿಯ ಬಾಯಿಗೆ ಅಂಗೈ ಒತ್ತಿ ಹಿಡಿದು ಕುಲುಕತೊಡಗಿದರು. ತುಟಿ ಬಿಗಿದಿತ್ತು. ಬೆರಳ ಸಂದಿಯಿಂದ ಮಸಿ ಇಳಿದು ಮೊಣಕೈವರೆಗೆ ಬಂತು, ಸೀರೆಗೂ ಸಿಡಿಯಿತು, ಅವರು ನಿಲ್ಲಿಸಲಿಲ್ಲ. ಕಣ್ಣಿಂದಲೂ ನೀರು ಇಳಿಯುತ್ತಿತ್ತು.

ಮತ್ತೆ ಒರೆಸಿ, ಹಚ್ಚಿ, ಆರಿಸಿ, ಯಂತ್ರಕ್ಕಿಟ್ಟೆವು. ಈ ಸಲ ಅವರು ಮುಚ್ಚಳ ಹಿಡಿದರು, ನಾನು ನಲ್ಲಿ ತಿರುಗಿಸಿದೆ. ಕಪ್ಪು ನೀರು ಹೋಗಿ ತಿಳಿಯಾಯಿತು. ಮುಚ್ಚಳದ ಮೇಲೆ ಅಲ್ಲಲ್ಲಿ ಹರಿದ "ಕುಲುಕು", ಅದರ ಪಕ್ಕ ಇಡಿಯಾಗಿ "ಆಮೇಲೆ ಮಾತು", ಅಣ್ಣ ಬರೆದ ಹಾಗೆಯೇ ವಾಲಿಕೊಂಡು. ಅತ್ತಿಗೆ ಹೆಬ್ಬೆರಳಿನಿಂದ ಜೋರಾಗಿ ಉಜ್ಜಿದರು. ಅಳಿಸಲಿಲ್ಲ.

ಮುಚ್ಚಳವನ್ನು ಡಬ್ಬಿಗೆ ತಿರುಗಿಸಿ, ಕಪ್ಪು ಕೈಯಲ್ಲೇ ಮೂಗು ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತರು. ಮೂಗಿನ ಮೇಲೆ ಮಸಿಯ ಗೆರೆ ಬಿತ್ತು.

"ಆ ಸೋಫಾ ಇತ್ತಲ್ಲ" ಎಂದರು ಅತ್ತಿಗೆ. "ಕೊನೆಗೆ ಏನಾಯ್ತು ಗೊತ್ತಾ?"

ಕೌಂಟರಿನಲ್ಲಿ ಯಾರೋ ಬಂದು ಎರಡು ಸಲ ಮೇಜು ತಟ್ಟಿದರು. "ಸ್ವಲ್ಪ ತಡೀರಿ" ಎಂದು ಅವರಿಗೆ ಕೂಗಿ, ನಾನು ಅಣ್ಣನ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಅತ್ತಿಗೆಯ ಎದುರು ಕೂತೆ. "ಹೂಂ" ಎಂದೆ.