ಬಾಲದ ಗಾಜುಗೂಡಿನಲ್ಲೊಬ್ಬ

ಆ ಭಾನುವಾರ ಮಾದರಿ ವಿಮಾನಗಳ ಸಂತೆಗೆ ಹೊರಟಾಗ ಹೆಡ್ಲಿ ಡೌಸ್ ಹೆಂಡತಿ ಬೆರಿಲ್‌ಗೆ ಕೊಟ್ಟ ಮಾತು ಒಂದೇ: ಒಂದು ಸಣ್ಣ ಕುಂಚ, ಒಂದು ಶೀಶೆ ಬೂದು ಬಣ್ಣ, ಅಷ್ಟೇ. ಸಂಜೆ ಮರಳಿದಾಗ ಅವನ ಕೈಯಲ್ಲಿದ್ದದ್ದೂ ಅಷ್ಟೇ. ಉಳಿದದ್ದು ಕಾರಿನ ಡಿಕ್ಕಿಯಲ್ಲಿ ಕಂಬಳಿ ಹೊದ್ದು ಮಲಗಿತ್ತು. ಬೆರಿಲ್ ಮಹಡಿ ಹತ್ತಿದ ಹೊತ್ತು ನೋಡಿ ಒಳಗೆ ಸಾಗಿಸುವುದು ಎಂದು ಅವನ ಲೆಕ್ಕಾಚಾರ. ಆದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಚಹಾ ಕುಡಿಯುತ್ತ ಪದೇಪದೇ ಕಿಟಕಿಯಾಚೆಯ ಕಾರನ್ನೇ ನೋಡುತ್ತಿದ್ದ.

"ಎಷ್ಟು ಡಬ್ಬಿ?" ಹೆಣಿಗೆಯಿಂದ ತಲೆ ಎತ್ತದೆ ಬೆರಿಲ್ ಕೇಳಿದಳು.

"ಯಾವ ಡಬ್ಬಿ?"

"ಕಂಬಳಿ ಕೆಳಗೆ ಮಲಗಿರೋ ಡಬ್ಬಿ. ಪಾಪ, ಚಳಿ ಆಗುತ್ತೆ ಅದಕ್ಕೆ. ಒಳಗೆ ತಗೊಂಡ್ ಬಾ."

"ನಾಲ್ಕು," ಎಂದ ಹೆಡ್ಲಿ. "ಆದ್ರೆ ಒಂದನ್ನ ಲೆಕ್ಕಕ್ಕೆ ಹಿಡೀಬಾರದು ಕಣೇ. ಅದು ಟ್ರೆವರ್‌ದು."

ಬೆರಿಲ್‌ಳ ಸೂಜಿ ನಿಂತಿತು. ಎದ್ದು ಹೋಗಿ ಅವನಿಗೆ ಬಾಗಿಲು ತೆರೆದು ಹಿಡಿದಳು.

ಹೆಡ್ಲಿ ಲಿಂಕನ್ ಊರಿನ ಬಸ್ ಡಿಪೋದಲ್ಲಿ ಹಣೆಫಲಕ ಬರೆಯುವವನಾಗಿ ದುಡಿದು ನಿವೃತ್ತನಾದವನು. ಅಲ್ಲಿನ ಬಸ್ಸುಗಳ ಹಣೆಯ ಮೇಲೆ ಓಡಾಡಿದ ಊರ ಹೆಸರುಗಳೆಲ್ಲ ಅವನ ಕೈಬರಹ. ಕೈ ನಡುಗುವುದೆಂದರೇನೆಂದು ಗೊತ್ತಿಲ್ಲದ ಮನುಷ್ಯ. ಆ ಕೈ ಮನೆಗೆ ಬಂದರೆ ಸುಮ್ಮನಿರಬೇಕಲ್ಲ? ಪ್ಲಾಸ್ಟಿಕ್ ಬಿಡಿಭಾಗ ಅಂಟಿಸಿ ಮೊಣಕೈ ಉದ್ದದ ಯುದ್ಧವಿಮಾನ ಕಟ್ಟುವುದಕ್ಕೆ ಶುರುಮಾಡಿತು. ಕಟ್ಟಿದ್ದಕ್ಕಿಂತ ಕೊಂಡದ್ದೇ ಹೆಚ್ಚು. ಬಟ್ಟೆಯ ಬೀರುವಿನಲ್ಲಿ, ಮಂಚದಡಿ, ಬೆರಿಲ್‌ಳ ಮದುವೆ ಟೋಪಿ ಇದ್ದ ಅಟ್ಟದಲ್ಲಿ, ಎಲ್ಲೆಲ್ಲೂ ಬಿಚ್ಚದ ಡಬ್ಬಿಗಳು. ಈ ಹುಚ್ಚಿನವರೆಲ್ಲ ಹೀಗೇ. ಅವರ ಸಂಘದಲ್ಲಿ ಒಂದು ತಮಾಷೆಯ ಮಾತಿತ್ತು: ಕಟ್ಟದ ಡಬ್ಬಿ ಇರುವವನಿಗೆ ಸಾವಿಲ್ಲ ಅಂತ. ಹೆಡ್ಲಿಯ ಗೆಳೆಯ ಟ್ರೆವರ್ ಲೆಗೆಟ್ ಆ ಮಾತನ್ನು ಸುಳ್ಳು ಮಾಡಿದ. ಅಟ್ಟದ ತುಂಬ ಡಬ್ಬಿ ಇಟ್ಟುಕೊಂಡು, ಸೇಬು ಕೀಳುವ ಕಾಲದಲ್ಲಿ, ಬಸ್ ನಿಲ್ದಾಣದಲ್ಲಿ ಕುಸಿದು ಹೋದ.

ಸತ್ತವನ ಡಬ್ಬಿಗಳನ್ನು ಸಂಘದವರು ವಿಧವೆಯ ಪರವಾಗಿ ಸಂತೆಯಲ್ಲಿಡುತ್ತಾರೆ. ಅರ್ಧ ಕಟ್ಟಿ ಮೇಜಿನ ಮೇಲೆ ಬಿಟ್ಟುಹೋದದ್ದೊಂದಿದ್ದರೆ ಅದನ್ನು ಮಾತ್ರ ಅಪರಿಚಿತರಿಗೆ ಮಾರುವುದಿಲ್ಲ. ಗೆಳೆಯರಲ್ಲೊಬ್ಬ ಒಯ್ದು, ಮುಗಿಸಿ, ಆ ಮನೆಗೇ ತಂದುಕೊಡಬೇಕು. ಟ್ರೆವರ್ ಬಿಟ್ಟುಹೋದದ್ದು ಲ್ಯಾಂಕಾಸ್ಟರ್ ಎಂಬ ದೊಡ್ಡ ಬಾಂಬರು. ಅದನ್ನು ಹೆಡ್ಲಿಯೇ ಕೇಳಿ ಪಡೆದ.

ಮಾರನೆಯ ಬೆಳಿಗ್ಗೆ ಹಿತ್ತಿಲ ಶೆಡ್ಡಿನಲ್ಲಿ ಡಬ್ಬಿ ಬಿಚ್ಚಿದ. ಟ್ರೆವರನ ಕೆಲಸ ಅಚ್ಚುಕಟ್ಟಾಗಿತ್ತು. ಏಳು ಜನರ ವಿಮಾನ. ಚಾಲಕ, ದಾರಿ ನೋಡುವವ, ಬಾಂಬು ಬಿಡುವವ, ಹೀಗೆ ಆರು ಮಂದಿ ಪ್ಲಾಸ್ಟಿಕ್ ಗೊಂಬೆಗಳು ಬಣ್ಣ ಬಳಿಸಿಕೊಂಡು ತಮ್ಮತಮ್ಮ ಜಾಗದಲ್ಲಿ ಕೂತಿದ್ದವು. ತೊಗರಿ ಬೇಳೆಯಷ್ಟು ಮುಖಕ್ಕೂ ಹುಬ್ಬು ಬರೆದಿದ್ದ ಪುಣ್ಯಾತ್ಮ. ವಿಮಾನದ ಬಾಲದ ತುದಿಯಲ್ಲಿ ಒಂದು ಗಾಜುಗೂಡು; ಹಿಂದುಮುಂದಾಗಿ ಕೂತು ಬಂದೂಕು ಹಿಡಿಯುವವನದು. ಅದು ಖಾಲಿ. ಡಬ್ಬಿಯೆಲ್ಲ ತಡಕಿದರೂ ಏಳನೆಯವನಿಲ್ಲ.

"ಕಾರ್ಪೆಟ್ ನುಂಗಿರುತ್ತೆ ಬಿಡು," ಎಂದು ಹೆಡ್ಲಿ ಸತ್ತ ಗೆಳೆಯನಿಗೆ ಸಮಾಧಾನ ಹೇಳಿದ. ಮೇಜಿನಿಂದ ಜಾರಿದ ಚೂರು ಕಾರ್ಪೆಟ್ಟಿಗೆ ಬಿದ್ದರೆ ದೇವರಿಗೂ ಸಿಗುವುದಿಲ್ಲ. ಈ ಕಸುಬಿನವರಿಗೆಲ್ಲ ಅದು ಅನುಭವದ ಮಾತು.

ತಪ್ಪಾದದ್ದು ಇಲ್ಲೇ. ಬೇರೆ ಯಾರಾದರೂ ಆಗಿದ್ದರೆ ಖಾಲಿ ಗೂಡನ್ನು ಖಾಲಿ ಬಿಡುತ್ತಿದ್ದರು. ಇವರ ಜಾತಿಗೆ ಅದು ಆಗದು. ಪ್ರತಿಯೊಬ್ಬನ ಹತ್ತಿರವೂ ಜನ್ಮವಿಡೀ ಉಳಿದ ಬಿಡಿಚೂರುಗಳ ಒಂದು ತಗಡಿನ ಡಬ್ಬವಿರುತ್ತದೆ. ಹೆಡ್ಲಿ ಅದರಿಂದ ಒಂದು ಮುಂಡ, ಬೇರೊಂದರ ತಲೆ, ಮತ್ತೊಂದರ ಕೈ ಆರಿಸಿ ಒಬ್ಬನನ್ನು ಮಾಡಿದ. ತಲೆಗೂ ಮುಂಡಕ್ಕೂ ಕೂಡಲಿಲ್ಲ, ಕತ್ತಿನಲ್ಲಿ ಬಿರುಕು ಕಂಡಿತು. ಬೆರಿಲ್‌ಳ ಹೊಲಿಗೆ ಪೆಟ್ಟಿಗೆಯಿಂದ ಕೆಂಪು ನೂಲು ತಂದು ಕತ್ತಿಗೆ ಸುತ್ತಿದ. ಶಾಲು ಹೊದ್ದ ಹಾಗಾಯಿತು, ಬಿರುಕೂ ಮುಚ್ಚಿತು. ಬೇಗ ಒಣಗುವ ಅಂಟಿನಿಂದ ಅವನನ್ನು ಕೂರಿಸಿ ಗಾಜು ಮುಚ್ಚಿದ.

ಮರುದಿನ ನೋಡಿದರೆ ಗಾಜಿನ ಒಳಬದಿಯೆಲ್ಲ ಬೆಳ್ಳಗೆ ಮಂಜು. ಹೆಡ್ಲಿ ಹಣೆ ಚಚ್ಚಿಕೊಂಡ. ಆ ಅಂಟಿನ ಹಬೆ ಮುಚ್ಚಿದ ಗಾಜಿಗೆ ಮಂಜು ಹಿಡಿಸುತ್ತದೆಂಬುದು ನಿನ್ನೆ ಮೊನ್ನೆ ಶುರುಮಾಡಿದವನಿಗೂ ಗೊತ್ತು. ಒಮ್ಮೆ ಹಿಡಿದರೆ ಹಿಡಿಯಿತು, ಹೊರಗಿನಿಂದ ಎಷ್ಟು ಒರೆಸಿದರೂ ಹೋಗದು.

ಅದರ ಮರುದಿನ ಆ ಮಂಜಿನ ನಡುವೆ, ಸರಿಯಾಗಿ ಮುಖದ ಎದುರಿಗೆ, ಸಾಸಿವೆ ಕಾಳಿನಷ್ಟು ಜಾಗ ತಿಳಿಯಾಗಿತ್ತು. ಹೆಡ್ಲಿ ಭೂತಗನ್ನಡಿ ಹಿಡಿದು ನೋಡಿದ. ಅಂಚು ಒಂದೇ ಕಡೆಗೆ ಎಳೆದಂತಿತ್ತು, ಚಳಿಗಾಲದಲ್ಲಿ ಬಸ್ಸಿನೊಳಗೆ ಕೂತವರು ಹೊರಗೆ ನೋಡಲು ತೋಳಿನಿಂದ ಕಿಟಕಿ ಒರೆಸುತ್ತಾರಲ್ಲ, ಹಾಗೆ. ಆ ತೂತಿನಾಚೆ ತಾನೇ ಬರೆದ ಎರಡು ಕಣ್ಣು. ಹೆಡ್ಲಿ ಹಿಂದೆ ಸರಿದ. ವಿಮಾನದ ಮೇಲೆ ಬಟ್ಟೆ ಹೊದಿಸಿ, ಶೆಡ್ಡಿಗೆ ಬೀಗ ಹಾಕಿ ಒಳಗೆ ಬಂದ. ಹಿತ್ತಿಲ ಶೆಡ್ಡಿಗೆ ಅವನು ಬೀಗ ಹಾಕಿದ್ದು ಅದೇ ಮೊದಲು.

ಗುರುವಾರ ಮಧ್ಯಾಹ್ನ ಟ್ರೆವರನ ಹೆಂಡತಿ ಮೊರೀನ್ ಬಂದಳು. ಬೆರಿಲ್ ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿ ಮುಂದಿಟ್ಟರೂ ಮುಟ್ಟಲಿಲ್ಲ.

"ಮಾವನಿಗೆ ಏನೋ ಆಗಿದೆ ಬೆರಿಲ್," ಎಂದಳು. ಮಾವ ಎಂದರೆ ಟ್ರೆವರನ ಅಪ್ಪ ಆಂಬ್ರೋಸ್. ಯುದ್ಧದಲ್ಲಿ ಹ್ಯಾಗ್‌ಬಿ ವಿಮಾನನೆಲೆಯಲ್ಲಿದ್ದವನು, ಎಂಬತ್ತರ ಹತ್ತಿರ, ಮಗ ಸತ್ತ ಮೇಲೂ ಸೊಸೆಯ ಜೊತೆಗೇ ಇದ್ದ. "ಸೋಮವಾರದಿಂದ ಚಳಿ ಚಳಿ ಅಂತಾರೆ. ಬೆಂಕಿ ಉರೀತಿದೆ, ಮೂರು ಕಂಬಳಿ ಹೊದಿಸಿದ್ದೀನಿ, ಹಲ್ಲು ಕಟಕಟ ಅಂತಿದೆ. ಡಾಕ್ಟ್ರು ಏನೂ ಇಲ್ಲ ಅಂದ್ರು. ಊಟ ಬಿಟ್ರು. ಕುರ್ಚಿ ಬೆಂಕಿಗೆ ಬೆನ್ನು ಮಾಡಿಸಿ, ಹಿಂದಿನ ಕಿಟಕಿಗೆ ಮುಖ ಹಾಕ್ಕೊಂಡು ಕೂತಿದಾರೆ. ಗಾಜಿಗೆ ಉಸಿರಿನ ಮಂಜು ಹಿಡಿದಂತೆಲ್ಲ ತೋಳಲ್ಲಿ ಒರೆಸ್ತಾರೆ, ಒರೆಸ್ತಾರೆ, ಮತ್ತೆ ನೋಡ್ತಾರೆ. ಹೀಗಾದ್ರೆ ಈ ವಾರ ದಾಟಲ್ಲ ಕಣೇ."

ಹೆಡ್ಲಿ ಚಹಾದ ಕಪ್ಪನ್ನು ಕೆಳಗಿಟ್ಟ.

"ಮೊರೀನ್, ಆ ಲ್ಯಾಂಕಾಸ್ಟರ್‌ನಲ್ಲಿ ಬಾಲದವನು ಇರಲಿಲ್ಲ," ಎಂದ ಹೆಡ್ಲಿ. "ಕಳೆದುಹೋಗಿದ್ನಾ?"

"ಕಳೆದುಹೋಗೋದೇನು? ಟ್ರೆವರೇ ಒಲೆಗೆ ಹಾಕಿದ. ಮಾವ ಎದುರಿಗೆ ನಿಂತು ಹಾಕಿಸಿದ್ರು. ಅದು ಯುದ್ಧದಲ್ಲಿ ಅವರು ಹಾರ್ತಿದ್ದ ವಿಮಾನ ಅಲ್ವಾ, ಬಾಲದ ಜಾಗ ಅವರದ್ದು. ಒಂದಿನ ದವಡೆ ಊದ್ಕೊಂಡು ಬಂತಂತೆ, ಡಾಕ್ಟ್ರು ಹಾರೋದು ಬೇಡ ಅಂದ್ರಂತೆ. ಬದಲಿಗೆ ಯಾರೋ ಹೋದ. ಏಳು ಜನಾನೂ ವಾಪಸ್ ಬರಲಿಲ್ಲ. 'ಎಲ್ಲಾರನ್ನೂ ಕೂರಿಸು, ಅಲ್ಲಿ ಮಾತ್ರ ಯಾರನ್ನೂ ಕೂರಿಸಬೇಡ, ಆ ಜಾಗ ಖಾಲಿ ಇರೋವರೆಗೆ ನಾನು ಇಲ್ಲಿರ್ತೀನಿ' ಅಂತಿದ್ರು. ನಾವು ನಗ್ತಿದ್ವಿ." ಅವಳು ಹೆಡ್ಲಿಯ ಮುಖ ನೋಡಿ ತಡೆದಳು. "ಯಾಕೆ, ನೀನೇನು ಮಾಡ್ದೆ?"

ಹೆಡ್ಲಿ ಎದ್ದು ಶೆಡ್ಡಿಗೆ ಹೋದ. ಬಟ್ಟೆ ಎತ್ತಿದ. ಗಾಜಿನ ತಿಳಿ ಜಾಗ ಈಗ ಬಟಾಣಿಯಷ್ಟಾಗಿತ್ತು. ಕೂರಿಸಿದವನನ್ನು ಕೀಳಬೇಕಾದರೆ ಗಾಜು ಒಡೆಯಬೇಕು. ಗೆಳೆಯನ ಕೆಲಸ ಹಾಳಾದರೆ ಆಗಲಿ, ಒಂದು ಜೀವಕ್ಕಿಂತ ಹೆಚ್ಚಲ್ಲ. ಚಾಕು ಹಿಡಿದ, ಆದರೆ ಒಬ್ಬನೇ ಅಲ್ಲಿ ಅದನ್ನು ಮಾಡಲು ಅವನಿಗೆ ಧೈರ್ಯ ಸಾಲಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾದರೂ ಸತ್ಯ ಅದೇ. ವಿಮಾನ, ಚಾಕು, ಭೂತಗನ್ನಡಿ, ಒಡೆದ ಗುರುತು ಮುಚ್ಚಲೆಂದು ಕುಂಚ ಮತ್ತು ಬಣ್ಣ, ಎಲ್ಲವನ್ನೂ ಡಬ್ಬಿಯಲ್ಲಿಟ್ಟು ಮೊರೀನ್ ಜೊತೆ ಕಾರು ಹತ್ತಿದ.

ಆಂಬ್ರೋಸ್ ಅವಳು ಹೇಳಿದಂತೆಯೇ ಕೂತಿದ್ದ. ಕಿಟಕಿಯಾಚೆ ಬಯಲಿನ ಮೇಲೆ ಮಂಜು ಇಳಿದಿತ್ತು, ಬೇಲಿಯೂ ಕಾಣುತ್ತಿರಲಿಲ್ಲ. ಅವನ ಬಲ ತೋಳು ಮೊಣಕೈವರೆಗೆ ಒದ್ದೆ. ಗಾಜು ಒರೆಸಿದ ಗುರುತಿನ ಅಂಚು ಒಂದೇ ಕಡೆಗೆ ಎಳೆದಿತ್ತು. ಹೆಡ್ಲಿಗೆ ಆ ಅಂಚು ಚೆನ್ನಾಗಿ ಗೊತ್ತಿತ್ತು.

"ಬಂದ್ಯಾ ಪೇಂಟರ್," ಎಂದ ಮುದುಕ, ತಿರುಗದೆ. "ಯಾರನ್ನೋ ಕೂರಿಸಿದ್ದೀಯ ಅಲ್ವಾ?"

"ಗೊತ್ತಿರಲಿಲ್ಲ ಆಂಬ್ರೋಸ್. ಕಾರ್ಪೆಟ್ ನುಂಗಿದೆ ಅಂದ್ಕೊಂಡೆ. ಈಗಲೇ ತೆಗೀತೀನಿ, ನಿನ್ನ ಕಣ್ಣೆದುರಿಗೇ ತೆಗೀತೀನಿ."

"ಮೊದಲು ತೋರಿಸು."

ಹೆಡ್ಲಿ ವಿಮಾನವನ್ನು ಅವನ ತೊಡೆಯ ಮೇಲಿಟ್ಟು ಭೂತಗನ್ನಡಿ ಕೊಟ್ಟ. ಮುದುಕ ಬಾಲವನ್ನು ಬೆಳಕಿಗೆ ತಿರುಗಿಸಿ, ಆ ತಿಳಿ ಜಾಗಕ್ಕೆ ಕಣ್ಣು ಹಚ್ಚಿದ. ಬಹಳ ಹೊತ್ತು ನೋಡಿದ.

"ಕೆಂಪು ಶಾಲು ಹಾಕು ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ಕತ್ತಿನ ಬಿರುಕು ಮುಚ್ಚೋಕೆ ಹಾಕ್ದೆ. ಬೆರಿಲ್ ನೂಲು."

"ಅದು ನನ್ನ ಶಾಲು," ಎಂದ ಆಂಬ್ರೋಸ್. "ಅವನು ಮೆಟ್ಟಿಲು ಹತ್ತುವಾಗ ನಾನೇ ತೆಗೆದು ಅವನ ಕತ್ತಿಗೆ ಸುತ್ತಿದೆ. ಹಿಂದೆ ಬಹಳ ಚಳಿ ಇರುತ್ತೆ ಹುಡುಗ, ಗಾಜು ಒರೆಸ್ತಾ ಇರು ಅಂದೆ. ಯಾರಿಗೂ ಹೇಳಿಲ್ಲ ಇದನ್ನ. ಟ್ರೆವರ್‌ಗೂ ಹೇಳಿಲ್ಲ."

ಮೊರೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ಹೆಡ್ಲಿ ಗಡಬಡಿಸಿ ಚಾಕು ತೆಗೆದು ಬಾಲಕ್ಕೆ ಹಚ್ಚಿದ. ಮುದುಕನ ಕೈ ಅವನ ಮಣಿಕಟ್ಟನ್ನು ಹಿಡಿಯಿತು. ಮಂಜುಗಡ್ಡೆ ಮುಟ್ಟಿದ ಹಾಗಿತ್ತು ಆ ಕೈ.

"ಬಿಡು."

"ನೀನು ಸಾಯ್ತೀಯ ಆಂಬ್ರೋಸ್!"

"ಸತ್ರೆ ಸಾಯ್ತೀನಿ. ಐವತ್ತು ವರ್ಷದಿಂದ ಆ ಜಾಗ ಖಾಲಿ ಇದೆ ಖಾಲಿ ಇದೆ ಅಂತ ನನಗೆ ನಾನೇ ಹೇಳ್ಕೊಂಡು ಬದುಕಿದೆ. ಖಾಲಿ ಎಲ್ಲಿತ್ತು? ಅವನು ಕೂತಿದ್ದ. ಬದುಕಿದ್ದಾಗ ನನ್ನ ಜಾಗದಲ್ಲಿ ಕೂರಿಸಿದೆ. ಸತ್ತ ಮೇಲೆ ಅಲ್ಲಿಂದಲೂ ಎಬ್ಬಿಸಿದೆ. ನೀನು ಕೂರಿಸಿದ್ದೀಯ, ಇನ್ನೊಂದು ಸಲ ಅವನನ್ನ ಎಬ್ಬಿಸೋದು ಬೇಡ." ಉಸಿರು ಸುಧಾರಿಸಿಕೊಂಡು, "ನೀನು ಬಸ್ಸಿಗೆ ಹೆಸರು ಬರೀತಿದ್ದವನಲ್ವಾ? ಬರಿ. ಅವನ ಹೆಸರು ರಾನಿ ಮಾಬಿ. ಚರ್ಚಿನ ಸ್ಮಾರಕದ ಕಲ್ಲಿನ ಮೇಲಿದೆ ಅಂತಾರೆ. ನಾನು ಆ ಚರ್ಚಿನೊಳಗೆ ಕಾಲಿಟ್ಟಿಲ್ಲ."

ಮೊರೀನ್‌ಳ ಅಡಿಗೆಮನೆಯ ಮೇಜಿನ ಮೇಲೆ, ಸಂತೆಯಲ್ಲಿ ಕೊಂಡ ಹೊಸ ಕುಂಚದಿಂದ, ಗಾಜುಗೂಡಿನ ಕೆಳಗೆ ಹೆಡ್ಲಿ ಆ ಹೆಸರು ಬರೆದ. ಜೀರಿಗೆಗಿಂತ ಚಿಕ್ಕ ಅಕ್ಷರ. ಬರೆಯುವಷ್ಟು ಹೊತ್ತೂ ಆ ತಿಳಿ ಜಾಗದಿಂದ ಯಾರೋ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸುತ್ತಿತ್ತು. ಅವನು ತಲೆ ಎತ್ತಲಿಲ್ಲ. ಕೈ ಮಾತ್ರ ನಡುಗಲಿಲ್ಲ, ಅದೊಂದು ಅವನ ಭಾಗ್ಯ. ಆಮೇಲೆ ವಿಮಾನವನ್ನು ಹಿಂದಿನ ಕಿಟಕಿಯ ಕಟ್ಟೆಯ ಮೇಲೆ, ಬಾಲ ಹೊರಗೆ ಮಾಡಿ ಇಟ್ಟು ಮನೆಗೆ ಬಂದ. ಬಂದವನಿಗೆ ಊಟ ಸೇರಲಿಲ್ಲ. ಒಂದು ಡಬ್ಬಿಯ ಆಸೆಗೆ ಒಬ್ಬ ಮುದುಕನನ್ನು ಕೊಂದೆನೇ ಎಂದು ಗೋಳಾಡಿದ. ಬೆರಿಲ್ ಮೊದಲ ಸಲ ಅವನನ್ನು ಗೇಲಿ ಮಾಡಲಿಲ್ಲ.

ಬೆಳಿಗ್ಗೆ ಮೊರೀನ್ ಫೋನ್ ಮಾಡಿದಳು. "ಎದ್ದಿದಾರೆ. ಗಂಜಿಗೆ ಜೇನುತುಪ್ಪ ಕಡಿಮೆ ಆಯ್ತು ಅಂತ ಬೈದ್ರು. ಕುರ್ಚಿ ಬೆಂಕಿ ಕಡೆ ತಿರುಗಿಸಿಕೊಂಡಿದಾರೆ. ಕಾವಲಿಗೆ ಅವನಿದ್ದಾನಲ್ಲ ಅಂತಾರೆ."

ಆಂಬ್ರೋಸ್ ಆ ಚಳಿಗಾಲ ದಾಟಿದ. ಚರ್ಚಿಗೂ ಒಮ್ಮೆ ಹೋಗಿಬಂದ. ಸೇಬಿನ ಗಿಡ ಹೂ ಬಿಟ್ಟ ಮೇಲೆ, ಒಂದು ಮಧ್ಯಾಹ್ನ, ಬೆಂಕಿಯ ಮುಂದೆ ನಿದ್ದೆ ಹೋದವನು ಏಳಲಿಲ್ಲ. ಅವನ ಕೈಕಾಲು ಸಂಜೆವರೆಗೂ ಬೆಚ್ಚಗಿದ್ದವು ಎಂದು ಮೊರೀನ್ ಹೇಳುತ್ತಾಳೆ.

ಮಣ್ಣು ಮುಗಿಸಿ ಬಂದವರೆಲ್ಲ ಚಹಾ ಕುಡಿಯುತ್ತಿದ್ದಾಗ ಹೆಡ್ಲಿ ಕಿಟಕಿಯ ಹತ್ತಿರ ಹೋದ. ಬಾಲದ ಗಾಜು ಈಗ ಪೂರ್ತಿ ಬೆಳ್ಳಗಿತ್ತು. ತಿಳಿ ಜಾಗ ಎಲ್ಲೂ ಇಲ್ಲ. ಒಣಗಿ ಅರ್ಧ ವರ್ಷವಾದ ಅಂಟು ಮತ್ತೆ ಮಂಜು ಹಿಡಿಸುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೆಲ್ಲಗೆ ಬೆರಿಲ್‌ಳನ್ನು ಕರೆದು ತೋರಿಸಿದ.

ಅವಳು ಕನ್ನಡಕ ಏರಿಸಿ ನೋಡಿದಳು.

"ಇನ್ಯಾಕೆ ಇಣುಕ್ತಾನೆ?" ಎಂದಳು. "ಅವನು ಯಾರ ದಾರಿ ಕಾಯ್ತಿದ್ನೋ ಅವರು ಬಂದ್ರಲ್ಲ."