ಫೈರ್‌ಪ್ಲೇಸಿನಲ್ಲಿ ಕೂತ ದೇವರು

ಮೆಲ್ಬರ್ನ್‌ನಲ್ಲಿ ನಾನು ಕೊಂಡ ಮೊದಲ ಮನೆ ರೈಲು ಡಬ್ಬಿಯ ಹಾಗಿತ್ತು. ಮುಂಬಾಗಿಲಿನಿಂದ ಹಿತ್ತಲವರೆಗೆ ಕಿರಿದಾದ ಓಣಿ, ಅದರ ಒಂದೇ ಪಕ್ಕಕ್ಕೆ ಒಂದರ ಹಿಂದೊಂದು ಕೋಣೆ. ಅಕ್ಕಪಕ್ಕದ ಮನೆಗಳಿಗೂ ನಮಗೂ ನಡುವೆ ಒಂದೊಂದೇ ಗೋಡೆ. ಚಿನ್ನದ ಗಣಿಗಳಿಂದ ಊರು ಕೊಬ್ಬಿದ ಕಾಲದಲ್ಲಿ ಕಟ್ಟಿದ ಸಾಲುಮನೆ ಎಂದು ಏಜೆಂಟ್ ಹೇಳಿದ್ದ. ಬಾಲ್ಕನಿಗೆ ಎರಕದ ಕಬ್ಬಿಣದ ಲೇಸಿನ ಕುಸುರಿ. ನಾನು ಆ ಲೇಸಿಗೇ ಮರುಳಾದೆ. ಕಕ್ಕಸು ಹಿತ್ತಲ ತುದಿಯಲ್ಲಿದೆ ಎಂಬುದು ಕೀಲಿಕೈ ಸಿಕ್ಕ ಮೇಲೆ ಗಮನಕ್ಕೆ ಬಂತು.

ಊರಿನಿಂದ ಬಂದ ಅಮ್ಮ ಲೇಸನ್ನು ನೋಡಲೇ ಇಲ್ಲ. "ದೇವರ ಮನೆ ಎಲ್ಲೋ?" ಎಂದಳು. ಅದು ಇದ್ದದ್ದು ಊರಂಚಿನ ಕ್ರಾನ್‌ಬರ್ನ್‌ನಲ್ಲಿ, ಅಕ್ಕನ ಹೊಸ ಮನೆಯಲ್ಲಿ. ಅಲ್ಲಿ ದೇವರಿಗೇ ಬೇರೆ ಎ.ಸಿ. ಅಮ್ಮ ಪೂರ್ತಿ ಅಲ್ಲೇ ಇದ್ದುಬಿಟ್ಟರೆ ಎಂದು ನನಗೆ ಹೊಟ್ಟೆಯುರಿ ಶುರುವಾಯಿತು. ಅಮ್ಮ ನನ್ನ ಜೊತೆ ಇರಲಿ ಎಂಬ ಆಸೆ ಬಹಳವಿತ್ತು. ಅವಳ ತಿಳಿಸಾರಿನ ಆಸೆ ಅದಕ್ಕಿಂತ ತುಸು ಹೆಚ್ಚು.

ದಾರಿ ಹುಡುಕಿದವಳು ಅಮ್ಮನೇ. ಮುಂದಿನ ಕೋಣೆಯ ಪೂರ್ವದ ಗೋಡೆಯಲ್ಲಿ, ಬೆಂಕಿ ಕಾಣದೆ ಎಷ್ಟೋ ಕಾಲವಾಗಿದ್ದ ಫೈರ್‌ಪ್ಲೇಸ್ ಇತ್ತು. ಮಸಿ ತೊಳೆದು, ರಂಗೋಲಿ ಹಾಕಿ, ಗಣಪತಿಯಿಂದ ಹಿಡಿದು ಎಲ್ಲರನ್ನೂ ಅದರೊಳಗೆ ಕೂರಿಸಿದಳು.

"ಈ ದೊರೆಗಳು ಗೊತ್ತಿಲ್ದೇನೇ ದೇವರ ಗೂಡು ಕಟ್ಟಿದಾರೆ ನೋಡು. ಧೂಪದ ಹೊಗೆ ಹೋಗೋಕೂ ದಾರಿ ಬಿಟ್ಟಿದಾರೆ!"

ಕೆಲವು ವಾರ ಸುಖವಾಗಿ ಕಳೆಯಿತು. ಒಂದು ದಿನ ಹಿತ್ತಲಿನಿಂದ ತಲೆಯೆತ್ತಿ ನೋಡಿದೆ: ನಮಗೂ ಪಕ್ಕದ ಮನೆಗೂ ಸೇರಿ ಒಂದೇ ಚಿಮಣಿ! ಅವರ ಫೈರ್‌ಪ್ಲೇಸು ನಮ್ಮದಕ್ಕೆ ಬೆನ್ನು ಕೊಟ್ಟು ಕೂತಿತ್ತು. ಅಮ್ಮನ ಮುಂಜಾನೆಯ ಗಂಟೆ ಅಲ್ಲಿ ಹೇಗೆ ಮೊಳಗುತ್ತಿರಬೇಡ! ಅಲ್ಲಿದ್ದವರು ಒಂಟಿ ಮುದುಕರು, ಕಂಡಾಗಲೆಲ್ಲ ಗಂಟುಮುಖ. ಕೌನ್ಸಿಲ್‌ಗೆ ದೂರು ಹೋಗುವುದು ಖಂಡಿತ ಎನಿಸಿತು.

"ಅಮ್ಮಾ, ಗಂಟೆ ಒಂದು ಬಿಟ್ಟುಬಿಡು" ಎಂದೆ.

"ಗಂಟೆ ಇಲ್ಲದ ಮಂಗಳಾರತಿ ನಿನ್ನ ಆಫೀಸಲ್ಲಿ ಮಾಡ್ಕೋ."

ಮರುದಿನ ಗಂಟೆಯೂ ಇಲ್ಲ, ಮಾತೂ ಇಲ್ಲ. ಸೂಟ್‌ಕೇಸು ಓಣಿಗೆ ಬಂತು. ಅಮ್ಮನನ್ನು ಕರೆದೊಯ್ಯಲು ಅಕ್ಕ ಕಾರು ತೆಗೆದುಕೊಂಡು ಹೊರಟಾಗಿತ್ತು.

ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಪಕ್ಕದ ಮುದುಕರು, ಪೈಜಾಮದಲ್ಲೇ. ನಾನು ಸಾರಿ ಎನ್ನುವಷ್ಟರಲ್ಲಿ ಅವರೇ ರೇಗಿದರು: ಇವತ್ತು ಗಂಟೆ ಯಾಕೆ ಬಾರಿಸಲಿಲ್ಲ? ಅದನ್ನೇ ನಂಬಿ ಅವರು ಅಲಾರಂ ಇಡುವುದನ್ನೇ ಬಿಟ್ಟಿದ್ದರಂತೆ. ಹೊತ್ತೇರುವವರೆಗೆ ನಿದ್ದೆ ಮಾಡಿ, ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿಸಿಕೊಂಡಿದ್ದರು.

"ಏನಂತೆ?" ಎಂದಳು ಅಮ್ಮ. ಹೇಳಿದೆ. ಅವಳು ಸೂಟ್‌ಕೇಸನ್ನು ತಾನೇ ಒಳಗೆ ಎಳೆದುಕೊಂಡು ಹೋದಳು.

ಆಮೇಲೆ ಬಂದ ಅಕ್ಕ ಪುಸಲಾಯಿಸಿದಳು: "ನಮ್ಮನೇಲಿ ಎಷ್ಟು ಜೋರಾಗಿ ಬೇಕಾದ್ರೂ ಬಾರಿಸಮ್ಮ. ಪಕ್ಕದ ಮನೆಗೆ ಕೇಳಲ್ಲ."

"ಅದಕ್ಕೇ ಬರಲ್ಲ ಕಣೇ" ಎಂದಳು ಅಮ್ಮ.