ಒತಿಲಿಯಾ ಎತ್ತಿಸಿದ ಕುರ್ಚಿ

ಸಕತೇಕಾಸ್ ಸೀಮೆಯ ಆ ಗಣಿಯೂರಿನಲ್ಲಿ ಯಾವ ಹುಡುಗಿಗೆ ಹದಿನೈದು ತುಂಬುವ ಹಬ್ಬವಿದ್ದರೂ ಅವಳ ತಾಯಿ ಪಾದ್ರಿಗಿಂತ ಮೊದಲು ಒತಿಲಿಯಾಳ ಮನೆಗೆ ಓಡಿಬರುತ್ತಿದ್ದಳು. ಬೆಳಿಗ್ಗೆಯೆಲ್ಲ ಮೆಕ್ಕೆಜೋಳದ ರೊಟ್ಟಿ ಸುಟ್ಟು ಮಾರುವ ಈ ವಿಧವೆ ಸಂಜೆಯಾದರೆ ಹಿತ್ತಲಲ್ಲಿ ವಾಲ್ಟ್ಸ್ ಕುಣಿತ ಕಲಿಸುತ್ತಿದ್ದಳು. ಹಬ್ಬದ ಹುಡುಗಿಯ ಜೊತೆ ಕುಣಿಯಬೇಕಾದ ಪಡ್ಡೆ ಹುಡುಗರೆಲ್ಲ ಅವಳ ಪೊರಕೆ ಹಿಡಿಯ ರುಚಿ ನೋಡಿದವರೇ.

"ಏನೋ, ಕಂಬದ ಥರ ನಿಂತಿದೀಯ? ನಿಮ್ಮಪ್ಪನೂ ಹಿಂಗೇ ಇದ್ದ. ಅವನನ್ನೇ ಕುಣಿಸಿದೀನಿ, ನೀನ್ಯಾವ ಲೆಕ್ಕ!"

ಬಾಯಿ ಜೋರು, ನಿಜ. ಆದರೆ ಅವಳ ಕೈಯಲ್ಲಿ ಪಳಗಿದ ಯಾವ ಹುಡುಗಿಯೂ ಸಭೆಯಲ್ಲಿ ತಲೆ ತಗ್ಗಿಸಿದ್ದಿಲ್ಲ.

ಯಾದಿರಾಳ ಸರದಿ ಬಂದಾಗ ಮಾತ್ರ ಒತಿಲಿಯಾಳಿಗೂ ತಲೆಬಿಸಿಯಾಯಿತು. ಪೂಜೆ ಮುಗಿದ ಮೇಲೆ ಅಪ್ಪ ಎಲ್ಲರೆದುರು ಕುರ್ಚಿಯಲ್ಲಿ ಕೂತ ಮಗಳ ಮುಂದೆ ಮೊಣಕಾಲೂರಿ, ಅವಳ ಚಪ್ಪಟೆ ಚಪ್ಪಲಿ ಬಿಚ್ಚಿ, ಮೊದಲ ಸಲ ಎತ್ತರ ಹಿಮ್ಮಡಿಯದನ್ನು ತೊಡಿಸಬೇಕು. ಅಲ್ಲಿಗೆ ಹುಡುಗಿ ದೊಡ್ಡವಳಾದಳೆಂದು ಲೆಕ್ಕ. ಯಾದಿರಾಳ ಅಪ್ಪ ಸೆನೋಬಿಯೊನ ಮೊಣಕಾಲೋ, ಗಣಿಯ ಸೂರು ಕುಸಿದಂದಿನಿಂದ ಮಡಚುತ್ತಲೇ ಇರಲಿಲ್ಲ.

"ನನ್ನ ತಮ್ಮ ರಮೀರೊ ಹಾಕ್ಲಿ ಬಿಡಿ," ಎಂದುಬಿಟ್ಟಿದ್ದ ಆತ.

"ಚಿಕ್ಕಪ್ಪ ಹಾಕೋದಾದ್ರೆ ನಂಗೆ ಆ ಚಪ್ಪಲೀನೇ ಬೇಡ ಅಜ್ಜಿ," ಎಂದು ಹುಡುಗಿ ಒತಿಲಿಯಾಳ ಹಿತ್ತಲಲ್ಲಿ ಅತ್ತಳು.

ಕುರ್ಚಿಯ ಕೆಳಗೆ ಜಗಲಿ ಕಟ್ಟಿಸುತ್ತೇನೆ, ನಿಂತೇ ತೊಡಿಸು ಎಂದು ಒತಿಲಿಯಾ ಹೇಳಿನೋಡಿದಳು. ಸೆನೋಬಿಯೊ ಸಿಡಿದೆದ್ದ.

"ಕುಂಟನಿಗೋಸ್ಕರ ಕಟ್ಟಿದ್ರು, ಅಯ್ಯೋ ಪಾಪ ಅಂತ ಊರೆಲ್ಲ ಲೊಚಗುಟ್ಟಲಿ ಅಂತಾನಾ?"

ಆ ವಾರವೇ ಊರ ಸಂತನ ಮೆರವಣಿಗೆ ಬಂತು. ಮೂರ್ತಿಯನ್ನು ಹೆಗಲ ಮೇಲೆ ಹೊತ್ತವರಲ್ಲಿ ಅವಳ ಪಡ್ಡೆ ಹುಡುಗರೂ ಇದ್ದರು. ಒತಿಲಿಯಾ ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಸೆನೋಬಿಯೊನನ್ನು ಹುಡುಕಿಕೊಂಡು ಹೋದಳು.

"ಈ ಸಲ ಕುಣಿತ ಹೊಸದಪ್ಪ. ಹುಡುಗೀನ ಕುರ್ಚಿ ಸಮೇತ ಹೆಗಲ ಮೇಲೆ ಹೊತ್ತು ತರ್ತಾರೆ. ಕೆಳಗಿಳಿಸೋಕೆ ಮುಂಚೆ ಚಪ್ಪಲಿ ಹಾಕ್ಬೇಕು. ನಿನ್ನ ತಮ್ಮ ಕುಳ್ಳ, ಅವನಿಗೆ ಎಟುಕಲ್ಲ. ಬರ್ತೀಯೋ, ಏಣಿ ತರಿಸ್ಲೋ?"

ಅವನು ಅವಳ ಮುಖವನ್ನೇ ದಿಟ್ಟಿಸಿ ನಡೆದುಬಿಟ್ಟ.

ಹಬ್ಬದ ದಿನ ಗುಲಾಬಿ ಬಣ್ಣದ ದೊಡ್ಡ ಲಂಗದ ಯಾದಿರಾಳನ್ನು ಹೊತ್ತು ಹುಡುಗರು ಸಭಾಂಗಣದ ನಡುವೆ ನಿಂತರು. ವಾದ್ಯ ನಿಂತಿತು. ಸೆನೋಬಿಯೊ ಗೋಡೆ ಪಕ್ಕ ಕೂತೇ ಇದ್ದ. ರಮೀರೊ ಅರ್ಧ ಎದ್ದ, ಹುಡುಗಿ ಎರಡೂ ಪಾದಗಳನ್ನು ಲಂಗದೊಳಗೆ ಎಳೆದುಕೊಂಡಳು. ಹುಡುಗರ ಹೆಗಲು ನಡುಗತೊಡಗಿತು.

"ಅಲ್ಲಾಡಿದ್ರೆ ಹುಷಾರ್!" ಒತಿಲಿಯಾ ಹಲ್ಲು ಕಚ್ಚಿ ಗದರಿದಳು.

ಆಗ ಸೆನೋಬಿಯೊ ಎದ್ದ. ಕಾಲೆಳೆಯುತ್ತ ಬಂದು ಮಗಳ ಎದುರು ನೆಟ್ಟಗೆ ನಿಂತ. ಅವಳ ಪಾದ ಅವನ ಎದೆಯ ಮಟ್ಟಕ್ಕಿತ್ತು. ಬಕಲು ಒಂದೇ ಸಲಕ್ಕೆ ಕೂಡಲಿಲ್ಲ. ಹುಡುಗರು ಬೆವೆತು ನೀರಾದರು, ಆದರೆ ಒಬ್ಬನೂ ಮಿಸುಕಲಿಲ್ಲ. ಎರಡನೆಯದನ್ನೂ ತೊಡಿಸಿದ ಮೇಲೆ ಆತ ಆ ಪಾದವನ್ನು ಬಿಡದೆ ಅಂಗೈಯಲ್ಲೇ ಒಂದು ಗಳಿಗೆ ಹಿಡಿದುಕೊಂಡಿದ್ದ. ಕೆಳಗಿಳಿದ ಯಾದಿರಾ ಹೊಸ ಚಪ್ಪಲಿಯಲ್ಲಿ ತೂರಾಡಿ ಅಪ್ಪನ ತೋಳನ್ನೇ ಹಿಡಿದಳು. ಯಾರು ಯಾರಿಗೆ ಆಸರೆಯೋ ಹೇಳುವಂತಿರಲಿಲ್ಲ.

ಊಟದ ಹೊತ್ತಿಗೆ ಅನ್ಸೆಲ್ಮಾ ಎಂಬಾಕೆ ಒತಿಲಿಯಾಳನ್ನು ಅಡ್ಡಗಟ್ಟಿದಳು. ಮುಂದಿನ ಹಬ್ಬ ಅವಳ ಮಗಳದ್ದು. ದನಿಯೋ, ಸಭಾಂಗಣಕ್ಕೆಲ್ಲ ಕೇಳುವಷ್ಟು.

"ಒತಿಲಿಯಕ್ಕಾ, ನಮ್ಮ ಹುಡುಗಿಗೂ ಹಿಂಗೇ ಕುರ್ಚಿ ಎತ್ತಿಸ್ಬೇಕು ನೋಡಿ! ಮೊಣಕಾಲೂರೋದೆಲ್ಲ ಹಳೇದಾಯ್ತು. ನಮ್ಮೆಜಮಾನ್ರೂ ಸೆನೋಬಿಯೊ ಥರಾನೇ ಗತ್ತಾಗಿ ನಿಂತ್ಕೊಂಡು ಹಾಕ್ಬೇಕು."

ಪಕ್ಕದ ಮೇಜಿನಲ್ಲಿ ಸೆನೋಬಿಯೊ ಎತ್ತಿದ ಲೋಟ ಬಾಯಿಗೆ ಹೋಗದೆ ಹಾಗೇ ನಿಂತಿತು. ಒತಿಲಿಯಾ ಅದನ್ನು ನೋಡಿದಳು, ನೋಡದವಳಂತೆ ಅನ್ಸೆಲ್ಮಾಳ ಕಡೆಗೇ ತಿರುಗಿದಳು.

"ಅಷ್ಟು ಸುಲಭಕ್ಕೆ ಬರೋ ವಿದ್ಯೆ ಅಲ್ಲಮ್ಮ ಅದು. ನಿಮ್ಮೆಜಮಾನ್ರನ್ನ ಕಳಿಸು, ಸೆನೋಬಿಯೊ ಕಲಿಸ್ಕೊಡ್ತಾನೆ."